ಮಂಡ್ಯ ಜಿಲ್ಲೆಯಲ್ಲಿ ಸೈಕಲ್ ಪ್ರವಾಸ

ಮಂಡ್ಯ ಜಿಲ್ಲೆಯಲ್ಲಿ ಸೈಕಲ್ ಪ್ರವಾಸವು ಮುಖ್ಯವಾಗಿ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಹಳೆಯ ರಸ್ತೆಗಳು, ನಾಲಾ ಏರಿಗಳು ಹಾಗೂ ಕಾವೇರಿ ಕಣಿವೆಯ ಅಂಚಿನ ಗುಡ್ಡಗಾಡು ದಾರಿಗಳನ್ನು ಅನುಸರಿಸುತ್ತದೆ. ಬೆಂಗಳೂರು–ಮೈಸೂರು ರೈಲುಮಾರ್ಗದ ಮದ್ದೂರು ಮತ್ತು ಮಂಡ್ಯ ನಿಲ್ದಾಣಗಳು ಈ ಪ್ರವಾಸಕ್ಕೆ ಅನುಕೂಲವಾದ ಆರಂಭದ ಸ್ಥಳಗಳು. ಮದ್ದೂರಿನಿಂದ ಮಳವಳ್ಳಿಯ ಮೂಲಕ ಶಿವನಸಮುದ್ರಕ್ಕೆ ಹೋಗುವ ದಾರಿಗೆ ವಿಶೇಷವಾದ ಚಾರಿತ್ರಿಕ ಮಹತ್ವವಿದೆ. ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸಲು ಕಟ್ಟಿದ ಶಿವನಸಮುದ್ರ ಕೇಂದ್ರಕ್ಕೆ ಆ ಕಾಲದಲ್ಲಿ ಹತ್ತಿರದ ರೈಲು ನಿಲ್ದಾಣ ಮದ್ದೂರೇ ಆಗಿತ್ತು.

ಭೂಸ್ವರೂಪ

ಮಂಡ್ಯ ಜಿಲ್ಲೆಯು ದಕ್ಷಿಣ ಕರ್ನಾಟಕದ ಮೈದಾನ ಪ್ರದೇಶಕ್ಕೆ ಸೇರಿದೆ. ಮಂಡ್ಯ ಮತ್ತು ಮದ್ದೂರು ಪಟ್ಟಣಗಳ ನಡುವಿನ ಸುಮಾರು 20 ಕಿ.ಮೀ. ದಾರಿಯು ಬಹುಪಾಲು ಸಮತಟ್ಟಾಗಿದ್ದು, ಕಬ್ಬು, ಭತ್ತ ಮತ್ತು ತೆಂಗಿನ ತೋಟಗಳ ನಡುವೆ ಸಾಗುತ್ತದೆ. ಮದ್ದೂರಿನಿಂದ ದಕ್ಷಿಣಕ್ಕೆ ಕೆ.ಎಂ. ದೊಡ್ಡಿಯ ಮಾರ್ಗವಾಗಿ ಮಳವಳ್ಳಿಯತ್ತ ನಡೆದಂತೆ ನೆಲವು ಅಲೆಯಲೆಯಾಗಿ ಏರಿಳಿಯುತ್ತದೆ. ಮಳವಳ್ಳಿಯ ಆಚೆ, ಕಾವೇರಿಯು ಕಣಿವೆಗೆ ಧುಮುಕುವ ಭಾಗದಲ್ಲಿ ಬಂಡೆಗುಡ್ಡಗಳೂ ಕುರುಚಲು ಕಾಡೂ ಆರಂಭವಾಗುತ್ತವೆ. ಹಲಗೂರಿನಿಂದ ಮುತ್ತತ್ತಿಗೆ ಇಳಿಯುವ ಅರಣ್ಯದ ರಸ್ತೆಯು ಈ ಪ್ರದೇಶದ ಕಠಿಣ ದಾರಿಗಳಲ್ಲೊಂದು. ಅಲ್ಲಿ ಹೋಗುವಾಗ ದೊರೆತ ಇಳಿಜಾರನ್ನು ಮರಳುವಾಗ ಏರಲೇಬೇಕು.

ರೈಲುಮಾರ್ಗ

ಬೆಂಗಳೂರು–ಮೈಸೂರು ನಡುವಿನ ಸುಮಾರು 138 ಕಿ.ಮೀ. ಉದ್ದದ ಮೀಟರ್ ಗೇಜ್ ಮಾರ್ಗವನ್ನು ಮೈಸೂರು ಸಂಸ್ಥಾನವು ನಿರ್ಮಿಸಿತು. 1876–78ರ ಭೀಕರ ಕ್ಷಾಮದ ನಂತರದ ವರ್ಷಗಳಲ್ಲಿ ಕಾಮಗಾರಿ ಮುಂದುವರಿದು, 1880ರ ದಶಕದ ಆರಂಭದಲ್ಲಿ ರೈಲು ಸಂಚಾರ ತೊಡಗಿತು. 1990ರ ದಶಕದಲ್ಲಿ ಇದು ಬ್ರಾಡ್ ಗೇಜ್‌ಗೆ ಪರಿವರ್ತನೆಗೊಂಡಿತು. ಜೋಡಿಹಳಿ ಕಾಮಗಾರಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾಲದ ಮದ್ದಿನ ಮನೆಯೊಂದು ಅಡ್ಡವಾಗಿತ್ತು. 2017ರಲ್ಲಿ ಆ ಕಟ್ಟಡವನ್ನು ಕೆಡವದೆ ಇಡಿಯಾಗಿ ಪಕ್ಕಕ್ಕೆ ಸರಿಸಿದ ಬಳಿಕ ಕಾಮಗಾರಿ ಪೂರ್ಣಗೊಂಡಿತು.

ಮದ್ದೂರು, ಹನಕೆರೆ, ಮಂಡ್ಯ ಮತ್ತು ಯಲಿಯೂರು ನಿಲ್ದಾಣಗಳು ಈ ಹಾದಿಯಲ್ಲಿವೆ. ರೈಲು ಪ್ರಯಾಣಿಕರ ಮೂಲಕವೇ ಮದ್ದೂರು ವಡೆಯ ಹೆಸರು ದೂರದೂರಿಗೆ ಹರಡಿತು. ಮಳವಳ್ಳಿಗೆ ಇಂದಿಗೂ ರೈಲಿಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೂಲಕ ಚಾಮರಾಜನಗರಕ್ಕೆ ಹಳಿ ಹಾಕುವ ಪ್ರಸ್ತಾವವು ದಶಕಗಳಿಂದ ಪ್ರಸ್ತಾವವಾಗಿಯೇ ಉಳಿದಿದೆ. ಹೀಗಾಗಿ ರೈಲಿನಲ್ಲಿ ಬರುವ ಸೈಕಲ್ ಪ್ರವಾಸಿಗೆ ಮದ್ದೂರು ಅಥವಾ ಮಂಡ್ಯವೇ ಕೊನೆಯ ನಿಲ್ದಾಣ. ಮುಂದಿನದೆಲ್ಲ ರಸ್ತೆಯ ದಾರಿ.

ಗಣಿ, ವಿದ್ಯುತ್ ಮತ್ತು ನೀರು

ಈ ಮೂರು ತಾಲ್ಲೂಕುಗಳಲ್ಲಿ ಚಿನ್ನದ ಗಣಿಗಳಿಲ್ಲ. ಆದರೂ ಇಲ್ಲಿನ ಭೂದೃಶ್ಯವನ್ನು ರೂಪಿಸಿದ ಕಾರಣಗಳಲ್ಲಿ ಬಹುದೂರದ ಚಿನ್ನದ ಗಣಿಯೂ ಒಂದು. ಕೋಲಾರದ ಗಣಿಗಳಿಗೆ 1894ರಲ್ಲಿ ಬಂಗಾರಪೇಟೆಯಿಂದ ರೈಲಿನ ಕವಲು ದೊರೆತಿತ್ತು. ಆದರೆ ಗಣಿಗಳು ಆಳವಾದಂತೆ ಯಂತ್ರಗಳಿಗೆ ಬೇಕಾದ ಶಕ್ತಿಯೂ ಹೆಚ್ಚಿತು. ದೂರದಿಂದ ತರಿಸುವ ಕಲ್ಲಿದ್ದಲು ದುಬಾರಿಯಾಗಿತ್ತು. ಕಾವೇರಿಯ ಜಲಪಾತದಿಂದ ವಿದ್ಯುತ್ ಉತ್ಪಾದಿಸಿ ಗಣಿಗಳಿಗೆ ಕಳುಹಿಸುವ ಯೋಜನೆಯು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡಿತು. ಭಾರವಾದ ಯಂತ್ರಭಾಗಗಳನ್ನು ಆನೆಗಳ ನೆರವಿನಿಂದಲೂ ರಸ್ತೆಯ ಮೂಲಕ ಶಿವನಸಮುದ್ರಕ್ಕೆ ಸಾಗಿಸಲಾಯಿತು.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ಉದ್ದದ ತಂತಿಮಾರ್ಗದ ಮೂಲಕ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದಾಗಿತ್ತು. ಬೆಂಗಳೂರು ನಗರಕ್ಕೆ ಇದೇ ಕೇಂದ್ರದ ವಿದ್ಯುತ್ ದೊರೆತದ್ದು 1905ರಲ್ಲಿ. ಅಂದರೆ ನಗರದ ಬೀದಿಗಿಂತ ಮೊದಲು ಗಣಿಗೆ ಬೆಳಕು ಬಂದಿತ್ತು.

ಬೇಸಿಗೆಯಲ್ಲಿ ನದಿಯ ಹರಿವು ಕುಗ್ಗಿದಾಗ ವಿದ್ಯುತ್ ಉತ್ಪಾದನೆಯೂ ಕುಗ್ಗುತ್ತಿತ್ತು. ವರ್ಷವಿಡೀ ನೀರು ದೊರೆಯುವಂತೆ ಮಾಡುವುದು 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಅಣೆಕಟ್ಟೆಯಿಂದ ಹೊರಟ ಇರ್ವಿನ್ ನಾಲೆಯು, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯು, ಹುಲಿಕೆರೆಯ ಬಳಿ ಸುರಂಗದ ಮೂಲಕ ಗುಡ್ಡವನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಿಗೆ ನೀರುಣಿಸಿತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು ಬಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅವುಗಳಿಗಾಗಿ ಆರಂಭವಾದ ವಿದ್ಯುತ್ ಕೇಂದ್ರವೂ, ಅದರ ಬೆನ್ನಿಗೆ ಬಂದ ನಾಲೆಗಳೂ ಇಂದಿಗೂ ಕೆಲಸ ಮಾಡುತ್ತಿವೆ.

ಜಿಲ್ಲೆಯೊಳಗಿನ ಗಣಿಗಾರಿಕೆಯು ಹೆಚ್ಚಾಗಿ ಕಲ್ಲು ಕ್ವಾರಿಗಳಿಗೆ ಸಂಬಂಧಿಸಿದ್ದು. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕ್ವಾರಿಗಳ ಸ್ಫೋಟದಿಂದ ಕೃಷ್ಣರಾಜಸಾಗರಕ್ಕೆ ಅಪಾಯವಾಗಬಹುದೆಂಬ ಆತಂಕವು ದೀರ್ಘ ವಿವಾದಕ್ಕೆ ಕಾರಣವಾಯಿತು. ಮಾರ್ಲಗಲ್ಲ ಪ್ರದೇಶದಲ್ಲಿ ಲಿಥಿಯಂ ಇರುವುದನ್ನು ಪರಮಾಣು ಖನಿಜಗಳ ನಿರ್ದೇಶನಾಲಯವು ಗುರುತಿಸಿದ್ದು, ಪ್ರಾಥಮಿಕ ಅಂದಾಜಿನ ಪ್ರಮಾಣ 1,600 ಟನ್.

ಪ್ರಮುಖ ಮಾರ್ಗಗಳು

ಮದ್ದೂರು–ಮಳವಳ್ಳಿ–ಶಿವನಸಮುದ್ರ: ಒಟ್ಟು ಸುಮಾರು 50 ಕಿ.ಮೀ. ಮದ್ದೂರು ಪಟ್ಟಣದಲ್ಲಿ ಎಳನೀರಿನ ದೊಡ್ಡ ಮಾರುಕಟ್ಟೆಯಿದೆ. ಪಕ್ಕದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆಯನ್ನು ಮೀರಿ ಕಾಂಗ್ರೆಸ್ ಧ್ವಜ ಹಾರಿಸಿದ ಸತ್ಯಾಗ್ರಹದ ಸ್ಮಾರಕವಾಗಿ ಸೌಧವಿದೆ. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳು ಮತ್ತು ಬೆಲ್ಲ ತಯಾರಿಸುವ ಆಲೆಮನೆಗಳು ಕಾಣಸಿಗುತ್ತವೆ. ಶಿವನಸಮುದ್ರದಲ್ಲಿ ಕಾವೇರಿಯು ಎರಡು ಕವಲಾಗಿ, ಮಂಡ್ಯದ ಕಡೆಗೆ ಗಗನಚುಕ್ಕಿ ಮತ್ತು ಕೊಳ್ಳೇಗಾಲದ ಕಡೆಗೆ ಭರಚುಕ್ಕಿ ಜಲಪಾತಗಳನ್ನು ನಿರ್ಮಿಸಿದೆ. ಕಣಿವೆಯ ತಳದಲ್ಲಿರುವ ವಿದ್ಯುದಾಗಾರವನ್ನು ನೋಡಲು ಪೂರ್ವಾನುಮತಿ ಅಗತ್ಯ. ಸಮೀಪದ ಶಿಂಷಾಪುರದಲ್ಲಿ 1940ರಲ್ಲಿ ಆರಂಭವಾದ ಮತ್ತೊಂದು ಜಲವಿದ್ಯುತ್ ಕೇಂದ್ರವಿದೆ.

ಮಳವಳ್ಳಿ–ಹಲಗೂರು–ಕನಕಪುರ: ಈ ಮಾರ್ಗವು ಬೆಂಗಳೂರಿಗೆ ಮರಳುವವರಿಗೆ ಉಪಯುಕ್ತ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲಕ್ಕೆತ್ತಿ ಬೆಂಗಳೂರಿಗೆ ಸಾಗಿಸಲಾಗುತ್ತದೆ. ಪಂಪುಗಳು ನೀರನ್ನು ಏರಿಸುವ ದಿಕ್ಕಿನಲ್ಲಿಯೇ ಸೈಕಲ್ ಸವಾರನೂ ಏರಬೇಕಾಗುತ್ತದೆ.

ಕೊಕ್ಕರೆ ಬೆಳ್ಳೂರು: ಮದ್ದೂರು ತಾಲ್ಲೂಕಿನ ಈ ಗ್ರಾಮವು ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳಿಗೆ ಪ್ರಸಿದ್ಧ. ಊರಿನ ಮರಗಳಲ್ಲಿಯೇ ಗೂಡು ಕಟ್ಟುವ ಹಕ್ಕಿಗಳನ್ನು ಗ್ರಾಮಸ್ಥರು ಕಾಪಾಡಿಕೊಂಡು ಬಂದಿದ್ದಾರೆ. ಸದ್ದಿಲ್ಲದ ಸೈಕಲ್ ಇಂತಹ ಸ್ಥಳಕ್ಕೆ ಸೂಕ್ತ ವಾಹನ.

ಹೆದ್ದಾರಿ ಮತ್ತು ಸೈಕಲ್

ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275ರ ಹೊಸ ಪಥವು 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ಮೋಟಾರು ವಾಹನ, ಆಟೋ, ಟ್ರ್ಯಾಕ್ಟರ್ ಹಾಗೂ ಮೋಟಾರುರಹಿತ ವಾಹನಗಳನ್ನು ನಿಷೇಧಿಸಲಾಯಿತು. ಸೈಕಲ್‌ಗಳೂ ಈ ನಿಷೇಧಕ್ಕೆ ಒಳಪಟ್ಟಿದ್ದು, ಸವಾರರು ಸರ್ವಿಸ್ ರಸ್ತೆಗಳನ್ನೇ ಬಳಸಬೇಕು. ಬೈಪಾಸ್‌ಗಳಿರುವಲ್ಲಿ ಮದ್ದೂರು ಮತ್ತು ಮಂಡ್ಯ ಪಟ್ಟಣಗಳೊಳಗಿನ ಹಳೆಯ ರಸ್ತೆಯೇ ಅವರ ದಾರಿ.

ಈ ಬದಲಾವಣೆಯು ಪ್ರವಾಸಿಗಳಿಗಿಂತ ಹೆಚ್ಚಾಗಿ ಸ್ಥಳೀಯರಿಗೆ ಸಂಬಂಧಿಸಿದ್ದು. ಹಾಲಿನ ಡೇರಿಗೆ, ಗದ್ದೆಗೆ, ಶಾಲೆಗೆ ಹೋಗಲು ಗ್ರಾಮಗಳಲ್ಲಿ ಸೈಕಲ್ ಬಳಕೆಯಲ್ಲಿದೆ. ರಾಜ್ಯ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ವಿತರಣೆಯನ್ನು ಆರಂಭಿಸಿತ್ತು. ಹೆದ್ದಾರಿಯ ಒಂದು ಬದಿಯಿಂದ ಮತ್ತೊಂದು ಬದಿಗೆ ಹೋಗಲು ಅಂಡರ್‌ಪಾಸ್ ಇರುವ ಕಡೆಯವರೆಗೆ ಸಾಗುವುದು ಅನಿವಾರ್ಯ.

ಋತುಮಾನ ಮತ್ತು ಸುರಕ್ಷತೆ

ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಸೈಕಲ್ ಪ್ರವಾಸಕ್ಕೆ ಹಿತಕರ. ಜಲಪಾತಗಳು ಜುಲೈನಿಂದ ಅಕ್ಟೋಬರ್‌ವರೆಗೆ ತುಂಬಿ ಹರಿಯುತ್ತವೆ. ಆದರೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಈ ಸೀಮೆಯಲ್ಲಿ ಮಳೆ ಹೆಚ್ಚು. ಮಾರ್ಚ್‌ನಿಂದ ಮೇವರೆಗೆ ಬಿಸಿಲು ತೀವ್ರವಾಗಿರುವುದರಿಂದ ಸವಾರಿಯನ್ನು ಬೆಳಗಿನ ಹೊತ್ತಿಗೆ ಮುಗಿಸುವುದು ಒಳಿತು.

ನಾಲಾ ಏರಿಯ ರಸ್ತೆಗಳು ನೆರಳಿನಿಂದಲೂ ಸಮತಟ್ಟಿನಿಂದಲೂ ಆಕರ್ಷಕವಾಗಿದ್ದರೂ ಅಪಾಯಕಾರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮೃತಪಟ್ಟರು. ತಡೆಗೋಡೆಯಿಲ್ಲದ ಏರಿಯಲ್ಲಿ ಎದುರಿನ ವಾಹನಕ್ಕೆ ದಾರಿ ಬಿಡುವಾಗ ಸೈಕಲ್‌ನಿಂದ ಇಳಿದು, ನೀರಿನಿಂದ ದೂರದ ಬದಿಯಲ್ಲಿ ನಿಲ್ಲುವುದು ಕ್ಷೇಮಕರ. ಕಬ್ಬು ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರ್‌ಗಳ ಹೊರೆಯು ರಸ್ತೆಯ ಬಹುಭಾಗವನ್ನು ಆವರಿಸಿರುತ್ತದೆ. ಹಿಂಬದಿ ದೀಪವಿಲ್ಲದ ಗಾಡಿಗಳೂ ಇರುವುದರಿಂದ ಮುಸ್ಸಂಜೆಯ ಸವಾರಿ ಸೂಕ್ತವಲ್ಲ. ಮುತ್ತತ್ತಿಯ ದಾರಿಯು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು, ಆನೆಗಳ ಸಂಚಾರವಿರುವ ಕಾರಣ ಹಗಲಿನಲ್ಲಿಯೇ ಮರಳಬೇಕು. ಮುತ್ತತ್ತಿ ಮತ್ತು ಗಗನಚುಕ್ಕಿಗಳಲ್ಲಿ ನದಿಗೆ ಇಳಿಯುವುದು ಅಪಾಯಕರ. ಮೇಲೆ ಶಾಂತವಾಗಿ ಕಾಣುವ ನೀರಿನ ಅಡಿಯಲ್ಲಿ ಸುಳಿಗಳೂ ಮಡುಗಳೂ ಇವೆ.

ಪಂಕ್ಚರ್ ಹಾಕುವ ಅಂಗಡಿಗಳು ಪಟ್ಟಣಗಳಲ್ಲಿಯೂ ಹೋಬಳಿ ಕೇಂದ್ರಗಳಲ್ಲಿಯೂ ದೊರೆಯುತ್ತವೆ. ಗೇರ್ ಸೈಕಲ್‌ಗಳ ಬಿಡಿಭಾಗಗಳು ಅಲ್ಲಿ ಸಿಗುವುದು ವಿರಳವಾದ್ದರಿಂದ ಟ್ಯೂಬ್, ಪಂಪು ಮತ್ತು ಬ್ರೇಕ್ ತಂತಿಯನ್ನು ಜೊತೆಗೆ ಒಯ್ಯಬೇಕಾಗುತ್ತದೆ.