‘ಎಲ್ಲಿಂದ ಹತ್ತಿತು?’ ಎಂದು ಕೇಳದ ಕಾದಂಬರಿ

ಎಚ್‌ಐವಿ ಸೋಂಕನ್ನು ಕಥಾವಸ್ತುವಾಗಿಸಿಕೊಂಡ ಕಾದಂಬರಿಯೊಂದನ್ನು ತೆರೆದ ಓದುಗರು, ಪಾತ್ರಗಳ ಮನೆತನ, ಕಸುಬು, ಸ್ವಭಾವಗಳು ಪರಿಚಯವಾಗುವ ಮುನ್ನವೇ ತಮ್ಮೊಳಗೆ ಕೇಳಿಕೊಳ್ಳುವ ಪ್ರಶ್ನೆ ಒಂದಿದೆ: ಈ ಜಡ್ಡು ಎಲ್ಲಿಂದ ಹತ್ತಿತು? ಕ್ಯಾನ್ಸರಿನ ಅಥವಾ ಹೃದ್ರೋಗದ ಕಥೆಯಲ್ಲಿ ಇಂಥ ಪ್ರಶ್ನೆ ಏಳುವುದಿಲ್ಲ. ಬೆಳಗಾವಿ ಸೀಮೆಯ ಮಾತಿನಲ್ಲಿ ಜಡ್ಡು ಬರುವುದಕ್ಕೂ ಹತ್ತುವುದಕ್ಕೂ ಸಣ್ಣದೊಂದು ಅಂತರವಿದ್ದು, ಬಂದ ಜಡ್ಡಿಗೆ ಹವೆಯನ್ನೋ ಹಣೆಬರಹವನ್ನೋ ಹೊಣೆ ಮಾಡುವವರು ಹತ್ತಿದ ಜಡ್ಡಿನ ಹಿಂದೆ ಯಾರೋ ಒಬ್ಬ ಮನುಷ್ಯನನ್ನು ಹುಡುಕತೊಡಗುತ್ತಾರೆ. ಉತ್ತರ ಸಿಕ್ಕೊಡನೆ ಓದುಗರ ಮರುಕ ಪಾಲಾಗುತ್ತದೆ: ರಕ್ತ ಹಾಕಿಸಿಕೊಂಡಾಗ ಸೋಂಕು ತಗುಲಿದವರಿಗೆ ಮತ್ತು ಹುಟ್ಟಿನಿಂದಲೇ ಸೋಂಕಿತವಾದ ಕೂಸಿಗೆ ಪೂರ್ತಿ, ಗಂಡನಿಂದ ಪಡೆದ ಹೆಂಡತಿಗೆ ಬಹುಪಾಲು, ಆ ಗಂಡನಿಗೆ ಕೊಂಚ, ದೇಹ ಮಾರಿ ಬದುಕುವ ಹೆಣ್ಣಿಗೆ ಏನೂ ಇಲ್ಲ. ಪ್ರೀತಿ, ಸಂಸಾರ ಮತ್ತು ಸೋಂಕಿನೊಂದಿಗಿನ ಬಾಳನ್ನು ಒಟ್ಟಿಗೆ ಹೇಳಹೊರಟ ಕಾದಂಬರಿಗೆ ನಿಜವಾದ ಎದುರಾಳಿ ವೈರಸ್ಸಲ್ಲ, ಓದುಗರ ಕೈಯಲ್ಲಿರುವ ಈ ತಕ್ಕಡಿ.

ಈ ಮಾತನ್ನು ಖಾನಾಪುರ ತಾಲ್ಲೂಕಿನ ಪಾರಿಶ್ವಾಡದಂಥ ಊರಿನಿಂದ ನೋಡಿದಾಗ ಅದರ ಭಾರ ಹೆಚ್ಚು ತಿಳಿಯುತ್ತದೆ. ತಾಲ್ಲೂಕಿನ ಪಡುವಣ ಕಾಡುಸೀಮೆಯಲ್ಲಿ ಮರಾಠಿ, ಮೂಡಣ ಭಾಗದಲ್ಲಿ ಕನ್ನಡ ಹೆಚ್ಚಾಗಿ ಕೇಳಿಬರುತ್ತವೆ. ಇಂಥ ಊರುಗಳಲ್ಲಿ ಓದುವುದು ಒಬ್ಬರೇ ಕುಳಿತು ಮಾಡುವ ಕೆಲಸವಾಗಿ ಉಳಿಯುವುದು ಕಷ್ಟ. ಗ್ರಾಮ ಪಂಚಾಯಿತಿ ಗ್ರಂಥಾಲಯದಿಂದ, ಅಂದರೆ ಈಗ ಅರಿವು ಕೇಂದ್ರವೆಂದು ಕರೆಯಲಾಗುವ ಜಾಗದಿಂದ ಒಂದು ಪುಸ್ತಕ ಮನೆಗೆ ಬಂದರೆ ಅದನ್ನು ಸೊಸೆ ಓದುತ್ತಾಳೆ, ನೆರೆಮನೆಯವಳು ಕೇಳಿ ಒಯ್ಯುತ್ತಾಳೆ, ಮುಖಪುಟವನ್ನು ಎಲ್ಲರೂ ನೋಡುತ್ತಾರೆ. ಮುಖಪುಟದ ಮೇಲೆ ಎಚ್‌ಐವಿ ಎಂಬ ಮೂರು ಅಕ್ಷರಗಳಿದ್ದರೆ, ಅದನ್ನು ಹಿಡಿದು ಓಣಿಯಲ್ಲಿ ನಡೆಯುವುದೇ ಓದುಗರ ಮೊದಲ ಪ್ರತಿಕ್ರಿಯೆಯನ್ನು ನಿರ್ಧರಿಸಿಬಿಡುತ್ತದೆ. ‘ಮಂದಿ ಏನಂದಾರು’ ಎಂಬ ಅಳುಕು ಕಥೆಯೊಳಗಿನ ಪಾತ್ರವನ್ನು ಕಾಡುವ ಮೊದಲೇ ಓದುವವರನ್ನು ಕಾಡುತ್ತದೆ.

ಎಚ್‌ಐವಿ ಎಂಬುದು ದೇಹದ ರೋಗನಿರೋಧಕ ಶಕ್ತಿಯನ್ನು, ಮುಖ್ಯವಾಗಿ ಸಿಡಿ4 ಎಂದು ಕರೆಯಲಾಗುವ ಬಿಳಿರಕ್ತಕಣಗಳನ್ನು ಕುಗ್ಗಿಸುತ್ತ ಹೋಗುವ ವೈರಾಣು. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದಾಗ, ಕ್ಷಯದಂಥ ಬೇರೆ ಜಾಡ್ಯಗಳು ಎರಗಿ ಮನುಷ್ಯ ಹಣ್ಣಾಗುವ ಕೊನೆಯ ಹಂತಕ್ಕೆ ಏಡ್ಸ್ ಎಂದು ಹೆಸರು. ಭಾರತದಲ್ಲಿ ಮೊದಲ ಪ್ರಕರಣಗಳು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಮುಂದಿನ ಒಂದೂವರೆ ದಶಕದಲ್ಲಿ ಉತ್ತರ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಸೋಂಕು ಹೆಚ್ಚಿರುವ ಪ್ರದೇಶಗಳ ಪಟ್ಟಿಗೆ ಸೇರಿದವು. ಮುಂಬೈ, ಪುಣೆ, ಗೋವೆಗಳಿಗೆ ದುಡಿಯಲು ಹೋಗಿ ಬರುವ ಗಂಡಸರು, ಹೆದ್ದಾರಿಯ ಸಾಗಾಟ, 1982ರ ನಿಷೇಧ ಕಾಯ್ದೆಯ ನಂತರವೂ ಒಳಗೊಳಗೇ ಉಳಿದುಕೊಂಡ ದೇವದಾಸಿ ಪದ್ಧತಿ, ಇವೆಲ್ಲ ಅದಕ್ಕೆ ಕಾರಣಗಳೆಂದು ಗುರುತಿಸಲಾಯಿತು. ಕಾರಣಗಳನ್ನು ಗುರುತಿಸಿದ್ದು ಸರಿಯೇ. ಆದರೆ ಅದರ ಬೆನ್ನಿಗೇ ಒಂದು ಸಿದ್ಧಚಿತ್ರವೂ ಹುಟ್ಟಿಕೊಂಡಿತು. ಬೆಳಗಾವಿಯ ಎಚ್‌ಐವಿ ಕಥೆಯೆಂದರೆ ಸವದತ್ತಿಯ ಗುಡ್ಡದ ಯಲ್ಲಮ್ಮನಿಗೆ ಬಿಟ್ಟ ದೇವದಾಸಿಯರ ಕಥೆ ಎಂದು ಹೊರಗಿನ ಓದುಗರು ನಂಬತೊಡಗಿದರು.

ಈ ನಂಬಿಕೆಯನ್ನು ಗಟ್ಟಿಗೊಳಿಸಿದ ಬರಹಗಳಲ್ಲಿ ಒಳ್ಳೆಯವೂ ಇವೆ. 2008ರಲ್ಲಿ ಅಮರ್ತ್ಯ ಸೇನ್ ಅವರ ಮುನ್ನುಡಿಯೊಂದಿಗೆ ಪ್ರಕಟವಾದ ‘ಏಡ್ಸ್ ಸೂತ್ರ’ ಎಂಬ ಇಂಗ್ಲಿಷ್ ಸಂಕಲನಕ್ಕೆ ವಿಲಿಯಂ ಡಾಲ್ರಿಂಪಲ್ ಅವರು ಬರೆದದ್ದು ಸವದತ್ತಿ ಯಲ್ಲಮ್ಮನಿಗೆ ಬಿಟ್ಟ ಹೆಣ್ಣುಮಕ್ಕಳ ಬಗ್ಗೆಯೇ. ಆ ಬರಹ ವಿಸ್ತಾರಗೊಂಡು ಮರುವರ್ಷ ಅವರ ‘ನೈನ್ ಲೈವ್ಸ್’ ಪುಸ್ತಕದಲ್ಲಿ ಸೇರಿತು ಮತ್ತು ಜಗತ್ತಿನ ಎಷ್ಟೋ ಓದುಗರಿಗೆ ಬೆಳಗಾವಿ ಜಿಲ್ಲೆ ಪರಿಚಯವಾದದ್ದು ಆ ಪುಟಗಳ ಮೂಲಕ. ಅದು ಅನುಕಂಪವುಳ್ಳ ಬರಹವೆಂಬುದರಲ್ಲಿ ಅನುಮಾನವಿಲ್ಲ. ಆದರೂ ಖಾನಾಪುರದ ಓದುಗರು ಅದನ್ನು ಓದಿದಾಗ ಒಂದು ಕೊರತೆ ಕಾಣಿಸದೆ ಇರಲಾರದು: ದೇವಿಗೆ ಬಿಟ್ಟವಳೂ ಅಲ್ಲದ, ಊರು ಬಿಟ್ಟು ಹೋದವಳೂ ಅಲ್ಲದ, ಒಬ್ಬನನ್ನೇ ಮದುವೆಯಾಗಿ ಹೊಲ, ಹಟ್ಟಿ, ಅಡುಗೆಮನೆಗಳ ನಡುವೆಯೇ ಬಾಳಿದವಳಿಗೆ ಗರ್ಭಿಣಿಯಾಗಿ ತಪಾಸಣೆಗೆ ಹೋದ ದಿನ ಸೋಂಕಿನ ವಿಷಯ ತಿಳಿಯುತ್ತದಲ್ಲ, ಆಕೆಯ ಕಥೆ ಅಲ್ಲಿಲ್ಲ. ಆ ಕಥೆ ವಿಚಿತ್ರವಲ್ಲ, ವಿಶೇಷವೂ ಅಲ್ಲ; ಆದ್ದರಿಂದಲೇ ಅದು ಪ್ರವಾಸಿ ಲೇಖಕನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಹೇಳಬಲ್ಲದ್ದು ಕಾದಂಬರಿ, ಅದರಲ್ಲೂ ಸಾಂಸಾರಿಕ ಕಾದಂಬರಿ.

ಸಾಂಸಾರಿಕ ಕಾದಂಬರಿಯ ಮನೆ ಬೆಳಗಾವಿ ಜಿಲ್ಲೆಯಲ್ಲೇ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ಗೋಕಾಕದಲ್ಲಿ ಅಧ್ಯಾಪಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರು ಅತ್ತೆ, ಸೊಸೆ, ಭಾವ, ಮೈದುನರ ನಡುವಿನ ಒಲವು ಮುನಿಸುಗಳನ್ನೇ ನಂಬಿ ಬರೆದರು. ಅವರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಎಂಬ ಚಿತ್ರವಾಯಿತು. ವಿಮರ್ಶಕರು ಇಂಥ ಕೃತಿಗಳನ್ನು ಜನಪ್ರಿಯ ಸಾಹಿತ್ಯವೆಂದು ಪಕ್ಕಕ್ಕಿರಿಸಿದ್ದುಂಟು. ಅದು ಅವಸರದ ತೀರ್ಮಾನ. ಒಂದು ಮನೆಯಲ್ಲಿ ಯಾರ ತಟ್ಟೆ ಯಾರು ತೊಳೆಯುತ್ತಾರೆ, ಯಾರ ಹಾಸಿಗೆ ಎಲ್ಲಿ ಬೀಳುತ್ತದೆ, ಕೂಸನ್ನು ಎತ್ತಿಕೊಳ್ಳಲು ಯಾರಿಗೆ ಬಿಡುತ್ತಾರೆ ಎಂಬ ವಿವರಗಳನ್ನು ಕಾಣುವ ಕಣ್ಣು ಬೇಕಾದದ್ದು ಎಚ್‌ಐವಿಯ ಕಥೆಗೇ. ಕಳಂಕ ಎಂಬುದು, ಅಂದರೆ ಕಾಯಿಲೆಯ ನೆಪದಲ್ಲಿ ಒಬ್ಬರನ್ನು ಕೀಳೆಂದು ಗುರುತು ಹಚ್ಚುವ ಸಾಮಾಜಿಕ ರೋಗವೆಂಬುದು, ಘೋಷಣೆಯ ರೂಪದಲ್ಲಿ ಮನೆಯೊಳಗೆ ಬರುವುದಿಲ್ಲ, ಬೇರೆಯಾಗಿಟ್ಟ ಒಂದು ಚರಿಗೆಯ ರೂಪದಲ್ಲಿ ಬರುತ್ತದೆ.

ಕನ್ನಡದ ಓದುಗರು ಮುಜುಗರದ ವಸ್ತುವಿಗೆ ಹೇಗೆ ಪ್ರತಿಕ್ರಿಯಿಸಿದ್ದಾರೆ ಎಂಬುದಕ್ಕೆ ಎರಡು ಹಳೆಯ ಪ್ರಸಂಗಗಳು ಸಾಕ್ಷಿಯಾಗಿವೆ. ಅ.ನ. ಕೃಷ್ಣರಾಯರು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ವೇಶ್ಯಾ ಜೀವನವನ್ನು ಎತ್ತಿಕೊಂಡಾಗ ಅಶ್ಲೀಲವೆಂಬ ಕೂಗು ಎಷ್ಟು ಜೋರಾಯಿತೆಂದರೆ, ಅವರು ಉತ್ತರವಾಗಿ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ಅಲ್ಲಿ ಜಗಳ ನಡೆದದ್ದು ಬರೆಯಬಹುದೇ ಬಾರದೇ ಎಂಬುದರ ಮೇಲೆ. ಇನ್ನೊಂದು ಪ್ರಸಂಗ ಹೆಚ್ಚು ಆಳವಾದದ್ದು. 1963ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಹೋದ ತ್ರಿವೇಣಿಯವರ ‘ಶರಪಂಜರ’ದಲ್ಲಿ ಮಾನಸಿಕ ರೋಗಕ್ಕೆ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಗಂಡ, ಆಳುಕಾಳು, ನೆರೆಹೊರೆ ಯಾರೂ ಗುಣವಾದವಳೆಂದು ನಂಬುವುದಿಲ್ಲ, ಅವಳ ನಗು, ಅವಳ ಕೋಪ, ಅವಳು ಹೂ ಮುಡಿಯುವುದು, ಎಲ್ಲವೂ ರೋಗದ ಲಕ್ಷಣವಾಗಿಬಿಡುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದು ಕಲ್ಪನಾ ಆ ಪಾತ್ರವಾದಾಗ ಕನ್ನಡನಾಡು ಕಣ್ಣೀರಿಟ್ಟಿತು. ಆದರೆ ಕಾವೇರಿಗಾಗಿ ಅತ್ತವರು ತಮ್ಮ ಓಣಿಯ ಕಾವೇರಿಯ ಮನೆಗೆ ಹೋಗಿ ನೀರು ಕುಡಿದರೇ ಎಂಬ ಪ್ರಶ್ನೆ ಉಳಿದೇ ಇದೆ. ಕಣ್ಣೀರು ಸುಲಭವಾದ ಪ್ರತಿಕ್ರಿಯೆ. ಕಥೆಯಲ್ಲಿ ಸೋತವರಿಗೆ ಅದು ಧಾರಾಳವಾಗಿ ಸಿಗುತ್ತದೆ, ಬದುಕಿ ಪಕ್ಕದ ಮನೆಯಲ್ಲೇ ಇರುವವರಿಗೆ ಅಷ್ಟು ಧಾರಾಳವಾಗಿ ಸಿಗುವುದಿಲ್ಲ.

ಇದೇ ಕಾರಣಕ್ಕೆ ಎಚ್‌ಐವಿ ಕಾದಂಬರಿಯ ಅಂತ್ಯ ಓದುಗರನ್ನು ತಬ್ಬಿಬ್ಬು ಮಾಡುತ್ತದೆ. ಮೊದಲ ತಲೆಮಾರಿನ ಕಥೆಗಳು ಸಾವಿನಲ್ಲಿ ಮುಗಿಯುತ್ತಿದ್ದವು, ಮುಗಿಯಲೇಬೇಕಿತ್ತು. ಆದರೆ 2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳ ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಆರ್‌ಟಿ ಉಚಿತವಾಗಿ ಸಿಗತೊಡಗಿತು. ಎಆರ್‌ಟಿ ಎಂದರೆ ವೈರಾಣು ದೇಹದಲ್ಲಿ ಮರಿ ಹಾಕದಂತೆ ತಡೆಯುವ ಔಷಧಗಳ ಜೋಡಣೆ. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ, ಸಿಡಿ4 ಎಣಿಕೆ ಎಷ್ಟೇ ಇರಲಿ, ಚಿಕಿತ್ಸೆ ಕೊಡುವ ನೀತಿ ಬಂತು. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ. ದೇಶದಲ್ಲಿ ಸುಮಾರು 25 ಲಕ್ಷ ಮಂದಿ ಈ ಸೋಂಕಿನೊಂದಿಗೆ ಬದುಕುತ್ತಿದ್ದಾರೆ ಎಂಬ ಅಂದಾಜಿನಲ್ಲಿ ಒತ್ತಿ ಓದಬೇಕಾದ ಶಬ್ದ ಬದುಕು. ಸಾಯದ ನಾಯಕಿಯೊಬ್ಬಳು ಜೋಳದ ರೊಟ್ಟಿ ಬಡಿಯುತ್ತ, ಮಗಳ ಶಾಲೆಯ ಫೀಜು ಹೊಂದಿಸುತ್ತ, ರಾತ್ರಿ ಗುಳಿಗೆ ನುಂಗಿ ಮಲಗುತ್ತ ಇಪ್ಪತ್ತು ವರ್ಷ ಕಳೆಯುವ ಕಥೆ ಓದುಗರಿಗೆ ಸಪ್ಪೆಯೆನಿಸಬಹುದು. ಅವರ ಬಿಕ್ಕಳಿಕೆಗೆ ಅಲ್ಲಿ ಜಾಗವಿಲ್ಲ. ಆದರೆ ಸತ್ಯ ಇರುವುದು ಆ ಸಪ್ಪೆಯಲ್ಲೇ.

ಪ್ರೀತಿಯ ಕಥೆಯನ್ನಂತೂ ವೈದ್ಯವಿಜ್ಞಾನವೇ ಬದಲಿಸಿದೆ. ದಂಪತಿಯಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿರುವ 1,763 ಜೋಡಿಗಳನ್ನು ಹಲವು ದೇಶಗಳಲ್ಲಿ ಗಮನಿಸಿದ ಅಧ್ಯಯನವೊಂದರ ಫಲಿತಾಂಶ 2011ರಲ್ಲಿ ಹೊರಬಿದ್ದಾಗ, ಬೇಗ ಚಿಕಿತ್ಸೆ ಶುರುಮಾಡಿದರೆ ಸಂಗಾತಿಗೆ ಸೋಂಕು ದಾಟುವುದು ಶೇ. 96ರಷ್ಟು ತಗ್ಗುತ್ತದೆಂದು ಗೊತ್ತಾಯಿತು. ಆ ಅಧ್ಯಯನದ ಕೇಂದ್ರಗಳಲ್ಲಿ ಚೆನ್ನೈ ಮತ್ತು ಪುಣೆ ಎರಡೂ ಇದ್ದವು. ಮುಂದಿನ ಸಂಶೋಧನೆಗಳು ಇನ್ನೂ ಸ್ಪಷ್ಟವಾಗಿ ಹೇಳಿದವು: ನೇಮ ತಪ್ಪದೆ ಗುಳಿಗೆ ತೆಗೆದುಕೊಂಡು, ರಕ್ತದಲ್ಲಿ ವೈರಾಣುವಿನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ತಗ್ಗಿ ಹಾಗೆಯೇ ಉಳಿದರೆ, ದೇಹಸಂಬಂಧದಿಂದ ಸೋಂಕು ದಾಟುವುದಿಲ್ಲ. ತಾಯಿಯಿಂದ ಮಗುವಿಗೆ, ಚಿಕಿತ್ಸೆಯಿಲ್ಲದಿದ್ದಾಗ ಶೇ. 15ರಿಂದ 45ರವರೆಗೆ ದಾಟುವ ಸೋಂಕು, ಚಿಕಿತ್ಸೆಯಿದ್ದರೆ ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಇಂಥ ಜೋಡಿ ಮದುವೆಯಾಗಿ ಮಗು ಹೆರುವ ಕಥೆಯನ್ನು ಓದಿದವರು ಇದು ಕಾದಂಬರಿಕಾರರ ಕನಸೆಂದು ತಳ್ಳಿಹಾಕಿದರೆ, ತಪ್ಪಿರುವುದು ಕಾದಂಬರಿಯಲ್ಲಲ್ಲ.

ನ್ಯಾಯಾಲಯ ಮತ್ತು ಕಾನೂನುಗಳೂ ಇದೇ ದಾರಿಯನ್ನು ತಡವರಿಸುತ್ತ ನಡೆದಿವೆ. 1998ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಎಚ್‌ಐವಿ ಸೋಂಕಿತರ ಮದುವೆಯ ಹಕ್ಕು ಅಮಾನತಿನಲ್ಲಿರುತ್ತದೆ ಎಂಬರ್ಥದ ಮಾತು ಹೇಳಿ, 2002ರಲ್ಲಿ ಆ ಮಾತು ಅಗತ್ಯವಿರಲಿಲ್ಲವೆಂದು ಸರಿಪಡಿಸಿಕೊಂಡಿತು. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯ ಬಯಲು ಮಾಡುವುದನ್ನು ತಡೆಯುತ್ತದೆ. ಸಂಗಾತಿಗೆ ತಿಳಿಸಿದರೆ ಹೆಣ್ಣಿನ ಮೇಲೆ ಹಿಂಸೆಯೋ ಪರಿತ್ಯಾಗವೋ ಆಗುವ ಅಂಜಿಕೆಯಿದ್ದಲ್ಲಿ ವೈದ್ಯರೂ ತಿಳಿಸಕೂಡದು ಎನ್ನುತ್ತದೆ. ಇದೇ ಕಾಯ್ದೆಯಲ್ಲಿ ಓದಿದವರ ಎದೆ ಕಲಕುವ ಒಂದು ಅವಕಾಶವಿದೆ. ಸೋಂಕು ಬಾಧಿಸಿದ ಕುಟುಂಬದಲ್ಲಿ 12 ವರ್ಷ ತುಂಬಿ ಇನ್ನೂ 18 ಆಗದ ಅಕ್ಕನೋ ಅಣ್ಣನೋ, ಮನೆ ನಡೆಸುವ ತಿಳಿವಳಿಕೆ ಉಳ್ಳವರಾಗಿದ್ದರೆ, ತಮ್ಮ ತಂಗಿಯರನ್ನು ಶಾಲೆಗೆ ಸೇರಿಸಲು, ಬ್ಯಾಂಕ್ ಖಾತೆ ನೋಡಿಕೊಳ್ಳಲು ಪಾಲಕರಾಗಿ ಸಹಿ ಹಾಕಬಹುದು. ಹನ್ನೆರಡರ ಹುಡುಗಿಯೊಬ್ಬಳು ತಮ್ಮನ ಕೈ ಹಿಡಿದು ಶಾಲೆಯ ಕಚೇರಿಯ ಮುಂದೆ ನಿಂತಿರುವುದನ್ನು ಊಹಿಸಿಕೊಂಡೇ ಶಾಸನ ಬರೆದವರು ಆ ಸಾಲುಗಳನ್ನು ಬರೆದಿರಬೇಕು. ಕಾದಂಬರಿಗೆ ಇದಕ್ಕಿಂತ ದೊಡ್ಡ ವಸ್ತು ಬೇರೆ ಬೇಕಿಲ್ಲ.

ಖಾನಾಪುರದ ಘಟ್ಟ ಇಳಿದರೆ ಸಿಗುವ ಗೋವೆಯಲ್ಲಿ ಕುಟುಂಬದ ಪ್ರೀತಿ ಏನು ಮಾಡಬಲ್ಲದೆಂಬುದು 1989ರಲ್ಲೇ ಕಂಡಿತ್ತು. ರಕ್ತದಾನಿಯಾಗಿದ್ದ ಡೊಮಿನಿಕ್ ಡಿಸೋಜಾ ಎಂಬ ಯುವಕನಿಗೆ ಸೋಂಕಿದೆಯೆಂದು ತಿಳಿದಾಗ, ಅಂದಿನ ಗೋವಾ ಸಾರ್ವಜನಿಕ ಆರೋಗ್ಯ ಕಾನೂನಿನ ಬಲದಿಂದ ಅವರನ್ನು ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಒಂಟಿಯಾಗಿ ಕೂಡಿಹಾಕಲಾಯಿತು. ನ್ಯಾಯಾಲಯದ ಮೆಟ್ಟಿಲೇರಿದವರು ಅವರ ತಾಯಿ ಲೂಸಿ ಡಿಸೋಜಾ. ಮಗ ಹೊರಬಂದರು, ತಮ್ಮಂಥವರಿಗಾಗಿ ಸಂಘಟನೆ ಕಟ್ಟಿದರು, 1992ರಲ್ಲಿ ತೀರಿಕೊಂಡರು. ಈ ಬದುಕಿನಿಂದ ಪ್ರೇರಣೆ ಪಡೆದ ಓನಿರ್ ನಿರ್ದೇಶನದ ‘ಮೈ ಬ್ರದರ್ ನಿಖಿಲ್’ 2005ರಲ್ಲಿ ತೆರೆಕಂಡಾಗ, ಅದರ ಕಥೆ ಮುಖ್ಯವಾಗಿ ಅಕ್ಕನ ಬಾಯಿಂದಲೇ ಬರುತ್ತಿತ್ತು. ನೋಡುವವರು ಅಕ್ಕನ ಕಣ್ಣಿನಿಂದ ತಮ್ಮನನ್ನು ನೋಡತೊಡಗಿದ ಮೇಲೆ ಎಲ್ಲಿಂದ ಹತ್ತಿತು ಎಂಬ ಪ್ರಶ್ನೆಗೆ ಬಾಯಿ ಕಟ್ಟುತ್ತದೆ, ಏಕೆಂದರೆ ಒಡಹುಟ್ಟಿದವಳು ಅದನ್ನು ಕೇಳುವುದಿಲ್ಲ. ಕಾದಂಬರಿಕಾರರಿಗೆ ಇದು ಬೆಲೆಯುಳ್ಳ ಉಪಾಯ.

ಇದಕ್ಕೆ ತದ್ವಿರುದ್ಧವಾದ ಉಪಾಯವನ್ನು ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1986ರ ತಮ್ಮ ಒಂದು ಕಥೆಯಲ್ಲಿ ಬಳಸಿದ್ದರು. ಅಲ್ಲಿ ರೋಗಿ ಮಾತಾಡುವುದೇ ಇಲ್ಲ, ರೋಗದ ಹೆಸರೂ ಬರುವುದಿಲ್ಲ. ಗೆಳೆಯರು ಒಬ್ಬರಿಗೊಬ್ಬರು ಆಡುವ ಮಾತು, ಪಿಸುಮಾತು, ಕಳವಳಗಳಲ್ಲೇ ಕಥೆ ಸಾಗುತ್ತದೆ. ನ್ಯೂಯಾರ್ಕಿನ ಆ ಕಥೆ ಹಳ್ಳಿಯ ಓದುಗರಿಗೆ ಅಪರಿಚಿತವೆನಿಸಲಾರದು, ಏಕೆಂದರೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಒಬ್ಬರ ಜಡ್ಡು ಹೀಗೆಯೇ ಹೆಸರಿಲ್ಲದೆ ಬಾಯಿಂದ ಬಾಯಿಗೆ ಹೋಗುತ್ತದೆ.

ಇಷ್ಟಾಗಿ, ಓದುಗರು ಎಂದಾಗ ಸೋಂಕಿಲ್ಲದವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುವ ರೂಢಿ ತಪ್ಪಬೇಕಾಗಿದೆ. ಹಳ್ಳಿಯಿಂದ ಹೊರಟು ಖಾನಾಪುರದಲ್ಲಿ ಬಸ್ಸು ಬದಲಿಸಿ, ಹತ್ತಿರದ ಎಆರ್‌ಟಿ ಕೇಂದ್ರದಲ್ಲಿ ಗುರುತಿನವರು ಸಿಕ್ಕಾರೆಂದು ಬೆಳಗಾವಿಯವರೆಗೂ ಹೋಗಿ, ಗುಳಿಗೆಯ ಡಬ್ಬಿಯನ್ನು ಚೀಲದೊಳಗೆ ಸೀರೆಯ ಮಡಿಕೆಯಲ್ಲಿಟ್ಟು ಮರಳುವ ಹೆಣ್ಣುಮಗಳೂ ಓದುಗರಲ್ಲಿ ಒಬ್ಬಳು. ಅವಳ ಓದು ಬೇರೆ ರೀತಿಯದು. ಅನುಕಂಪ ಎಷ್ಟಿದೆಯೆಂದು ಅವಳು ಅಳೆಯುವುದಿಲ್ಲ. ಬರೆದವರಿಗೆ ಗೊತ್ತಿದೆಯೇ ಎಂದು ನೋಡುತ್ತಾಳೆ. ಡಬ್ಬಿ ಅಲುಗಾಡಿದರೆ ಸದ್ದಾಗುತ್ತದೆಂದು ಒಳಗೆ ಅರಳೆ ತುರುಕುವುದು, ನೆಂಟರ ಮನೆಯ ಮದುವೆಯಲ್ಲಿ ರಾತ್ರಿ ಗುಳಿಗೆಯ ಹೊತ್ತಿಗೆ ನೀರಿನ ನೆಪ ಮಾಡಿ ಎದ್ದು ಹೋಗುವುದು, ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಮಾಡದ ಮೇಲಿನ ಆಸ್ಪತ್ರೆಯ ಕಾಗದಗಳನ್ನು ಹಿಟ್ಟಿನ ಡಬ್ಬಿಯ ತಳಕ್ಕೆ ಸೇರಿಸುವುದು, ಇಂಥದ್ದು ಒಂದಾದರೂ ಪುಟದ ಮೇಲೆ ಸರಿಯಾಗಿ ಬಂದಿದ್ದರೆ ಅವಳು ಪುಸ್ತಕವನ್ನು ಮುಚ್ಚದೆ ಮುಂದಕ್ಕೆ ಓದುತ್ತಾಳೆ.