ಓಜೋನ್ ಪದರವೂ ನೆಲದ ವಿಷಾನಿಲವೂ

ಬಿಸಿಲಿಲ್ಲದೆ ಪೈರಿಲ್ಲವೆಂಬುದು ಭೂಮಾಲಿಕರಿಗೆ ವಿದಿತವೇ ಆಗಿದೆ. ಆದರೆ ಬಿಸಿಲಿನೊಡನೆ ಬರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಮಿತಿಮೀರಿದರೆ ಚರ್ಮಕ್ಕೂ ಕಣ್ಣಿಗೂ ಪೈರಿಗೂ ಹಾನಿಯುಂಟಾಗುವುದು. ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಹೆಚ್ಚಾಗಿರುವ ಓಜೋನ್ ಎಂಬ ಅನಿಲವು ಇವುಗಳಲ್ಲಿ ಅತ್ಯಂತ ಹಾನಿಕರವಾದವನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ.

ದಕ್ಷಿಣ ಧ್ರುವಪ್ರದೇಶದ ಮೇಲೆ ವಸಂತಕಾಲದಲ್ಲಿ ಈ ಪದರವು ಬಹಳ ತೆಳುವಾಗುತ್ತಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. ಶೀತಯಂತ್ರಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು ಇದಕ್ಕೆ ಮುಖ್ಯ ಕಾರಣವಾದರೂ, ನೆಲದ ಹುಳುಗಳನ್ನೂ ರೋಗಾಣುಗಳನ್ನೂ ಕೊಲ್ಲಲು ಉಪಯೋಗಿಸುತ್ತಿದ್ದ ಮೀಥೈಲ್ ಬ್ರೋಮೈಡ್ ಅನಿಲವೂ ಓಜೋನನ್ನು ನಾಶಮಾಡತಕ್ಕದ್ದೇ. 1987ರ ಮಾಂಟ್ರಿಯಲ್ ಒಪ್ಪಂದ ಮತ್ತು ಅದರ ತಿದ್ದುಪಡಿಗಳ ಮೇರೆಗೆ, ಆಮದು ರಫ್ತು ಸರಕಿನ ಕ್ರಿಮಿನಿವಾರಣೆಯ ಹೊರತು, ಅದರ ಬಳಕೆ ಹೆಚ್ಚುಕಡಿಮೆ ನಿಂತಿದೆ. ಒಪ್ಪಂದವು ಹೀಗೆಯೇ ಪಾಲಿತವಾದರೆ ಧ್ರುವದ ಮೇಲಣ ಪದರವು ಸುಮಾರು 2066ರ ವೇಳೆಗೆ 1980ರ ಸ್ಥಿತಿಗೆ ಮರಳುವುದೆಂದು ತಜ್ಞರು 2022ರಲ್ಲಿ ಅಂದಾಜುಮಾಡಿದರು.

ಆ ವಿಷಾನಿಲದ ಕೆಲಸವನ್ನು ಸಸಿಮಡಿಗಳಲ್ಲಿ ಬಿಸಿಲೇ ಮಾಡಬಲ್ಲದು. ಬೇಸಿಗೆಯಲ್ಲಿ ಮಡಿಗೆ ನೀರುಣಿಸಿ, ತೆಳುವಾದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ, ನಾಲ್ಕರಿಂದ ಆರು ವಾರ ಬಿಡತಕ್ಕದ್ದು. ಒಳಗಣ ಕಾವಿಗೆ ರೋಗಾಣುಗಳೂ ಕಳೆಬೀಜಗಳೂ ಬಹುಪಾಲು ಸಾಯುತ್ತವೆ.

ಕನ್ನಡನಾಡಿನ ಮೇಲೆ ಓಜೋನ್ ಅಷ್ಟಾಗಿ ಕುಗ್ಗಿಲ್ಲವಾದರೂ, ಸೂರ್ಯನು ನೆತ್ತಿಯ ಮೇಲೆ ಬರುವುದರಿಂದ ಇಲ್ಲಿ ಈ ಕಿರಣಗಳು ಸ್ವಭಾವತಃ ತೀಕ್ಷ್ಣವಾಗಿವೆ. ಆದಕಾರಣ ನಡುಹಗಲಿನಲ್ಲಿ ಕೂಲಿಯವರಿಗೆ ನೆರಳೂ ವಿರಾಮವೂ ದೊರೆಯುವಂತೆ ಗ್ರಾಮದ ಮುಖಂಡರು ಏರ್ಪಡಿಸುವುದು ಉಚಿತ.