ಎರಡು ರೂಪಾಯಿ ಎಂಟಾಣೆಯ ಪುಸ್ತಕ

ಬೆಂಗಳೂರಿನ ರಾಜಾಜಿನಗರದಲ್ಲಿ ಹಳೇ ಮನೆಯೊಂದನ್ನು ಕೆಡವುವ ಮುಂಚೆ ಅದರ ಗೇಟಿನ ಮುಂದೆ ಮೂರು ಸಲ ಗಾಡಿ ನಿಲ್ಲುತ್ತದೆ. ಮೊದಲು ಬಾಗಿಲು, ಕಿಟಕಿ, ತೊಲೆ ಕೇಳುವವರು. ಆಮೇಲೆ ಹಿತ್ತಾಳೆ, ತಾಮ್ರದವರು. ಕೊನೆಗೆ ಹಳೇ ಪೇಪರ್‌ನವನು. ಅಟ್ಟದ ಮೇಲಿದ್ದ ತಾತನ ಪುಸ್ತಕಗಳು ಹೋಗುವುದು ಈ ಮೂರನೆಯ ಗಾಡಿಯಲ್ಲಿ, ಕೆಜಿ ಲೆಕ್ಕದಲ್ಲಿ. ಹೋದ ವರ್ಷದ ಪಂಚಾಂಗಕ್ಕೂ ಕಾರಂತರ ಕಾದಂಬರಿಗೂ ಒಂದೇ ದರ.

ಲಂಡನ್, ನ್ಯೂಯಾರ್ಕ್‌ಗಳಲ್ಲಿ ಹಳೆಯ, ಅಪರೂಪದ ಪುಸ್ತಕಗಳಿಗೆಂದೇ ಮೇಳಗಳಿವೆ. ವ್ಯಾಪಾರಿಗಳು ಪ್ರತಿಯೊಂದು ಪುಸ್ತಕಕ್ಕೂ ಅದರ ಮುದ್ರಣ, ಕುಂದು, ಹಿಂದಿನ ಒಡೆಯರ ವಿವರ ಬರೆದಿಟ್ಟು ಮಾರುತ್ತಾರೆ. ಜನರಿಗೆ ಬಾಗಿಲು ತೆರೆಯುವ ಮುಂಚೆಯೇ ವ್ಯಾಪಾರಿಗಳು ಪರಸ್ಪರರಿಂದ ಕೊಂಡು ಮುಗಿಸಿರುವುದೂ ಉಂಟು. ನಮ್ಮ ಪುಸ್ತಕ ಮೇಳ, ಸಾಹಿತ್ಯ ಸಮ್ಮೇಳನದ ಮಳಿಗೆಗಳು ಹೆಚ್ಚಾಗಿ ಹೊಸ ಪುಸ್ತಕಗಳವು. ಕನ್ನಡದ ಹಳೇ ಪುಸ್ತಕದ ಮೇಳ ಊರಿನ ತುಂಬ ಚದುರಿಕೊಂಡಿದೆ ಎನ್ನಬೇಕು: ಗುಜರಿ ಅಂಗಡಿ, ಅಲ್ಲಿಂದ ಪುಸ್ತಕ ಆರಿಸಿಕೊಳ್ಳುವವನು, ಫುಟ್‌ಪಾತು, ಹಳೇ ಪುಸ್ತಕದಂಗಡಿ, ಕೊನೆಗೆ ಸಂಗ್ರಾಹಕರ ಕಪಾಟು. ಒಂದೊಂದು ಕೈ ದಾಟಿದಾಗಲೂ ಬೆಲೆ ಏರುತ್ತದೆ. ಎಷ್ಟು ಏರುತ್ತದೆ ಎನ್ನುವುದು ಆ ಕೈಗೆ ಪುಸ್ತಕದ ಗುರುತು ಎಷ್ಟು ಹತ್ತಿತು ಎನ್ನುವುದರ ಮೇಲಿದೆ. ಹಾಗಾಗಿ ಗುರುತು ಹಿಡಿಯುವುದನ್ನು ಕಲಿತವರು ಈ ಸರಪಳಿಯಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು.

ಪುಸ್ತಕ ಕೈಗೆ ಬಂದಾಗ ಮೊದಲು ಬೆಲೆ ನೋಡಿ, ಕೊಡಬೇಕಾದ ಬೆಲೆಯನ್ನಲ್ಲ, ಅಚ್ಚಾದದ್ದನ್ನು. ‘ರೂ. 2–8–0’ ಎಂದಿದ್ದರೆ ಅದು ಎರಡು ರೂಪಾಯಿ ಎಂಟಾಣೆ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು, ಆದ್ದರಿಂದ ಆಣೆಯ ಪುಸ್ತಕ ಸಾಮಾನ್ಯವಾಗಿ ಅದಕ್ಕೂ ಹಿಂದಿನದು. ‘ನಯೇ ಪೈಸೆ’ ಎಂದಿದ್ದರೆ ಇನ್ನೂ ಸುಲಭ: 1964ರಲ್ಲಿ ‘ನಯೇ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು, ನಿಮ್ಮ ಪುಸ್ತಕ ಆ ಏಳು ವರ್ಷದೊಳಗಿನದು. ಆದರೆ ಮಾರಾಟವಾಗದೆ ಉಳಿದ ಪ್ರತಿಗಳಿಗೆ ಪ್ರಕಾಶಕರು ಹೊಸ ಬೆಲೆಯ ಚೀಟಿ ಅಂಟಿಸುತ್ತಿದ್ದರು. ಚೀಟಿ ಕಂಡರೆ ಪುಟವನ್ನು ಬೆಳಕಿಗೆ ಹಿಡಿದು ಅದರ ಕೆಳಗಿನದನ್ನು ಓದಿ, ಉಗುರು ಹಾಕಿ ಕೀಳಬೇಡಿ.

ಎರಡನೆಯದು ವಿಳಾಸ. ಆರಂಕಿಯ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ರಾಜಾಜಿನಗರ ಬರೀ ‘ಬೆಂಗಳೂರು–10’. ಆ ಹತ್ತೇ ಈಗ 560 010ರ ಬಾಲದಲ್ಲಿದೆ. ಇಲ್ಲಿ ತರ್ಕ ಒಂದೇ ದಿಕ್ಕಿಗೆ ನಡೆಯುತ್ತದೆ. ಆರಂಕಿ ಇದ್ದರೆ ಪುಸ್ತಕ ಖಂಡಿತ 1972ರ ಈಚಿನದು. ಎರಡಂಕಿ ಇದ್ದಮಾತ್ರಕ್ಕೆ ಹಿಂದಿನದೆನ್ನಲಾಗದು, ಏಕೆಂದರೆ ಹಳೇ ರೂಢಿ ಬಿಡದವರು ಆಮೇಲೂ ಹಾಗೇ ಅಚ್ಚು ಹಾಕಿಸಿದರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಬಂದದ್ದು 1967ರಲ್ಲಿ. ಅದರ ಮೊದಲ ಮುದ್ರಣವೆಂದು ಯಾರಾದರೂ ಕೊಟ್ಟ ಪ್ರತಿಯಲ್ಲಿ ಆರಂಕಿಯ ಪಿನ್ ಕಂಡರೆ ನಗುತ್ತಾ ಹಿಂದಿರುಗಿಸಿ. ‘ಮೈಸೂರು ರಾಜ್ಯ’ ಎಂಬ ಮಾತೂ ಇಂಥದೇ ಸುಳಿವು, ರಾಜ್ಯ ‘ಕರ್ನಾಟಕ’ವಾದದ್ದು 1973ರ ನವೆಂಬರ್ 1ಕ್ಕೆ.

ಇಸವಿಯೇ ಇಲ್ಲದ, ಬರೀ ಸಂವತ್ಸರ ಹೊತ್ತ ಪುಸ್ತಕಗಳೂ ಸಿಗುತ್ತವೆ. ‘ಸರ್ವಜಿತ್’ ಎಂದಿದ್ದರೆ ಅದು 1947 ಇರಬಹುದು, ಅರವತ್ತು ವರ್ಷ ಹಿಂದಿನ 1887ರದೂ ಇರಬಹುದು. ಪಕ್ಕದಲ್ಲಿ ಶಾಲಿವಾಹನ ಶಕ ಕೊಟ್ಟಿದ್ದರೆ 78 ಕೂಡಿಸಿ: ಶಕ 1869 ಎಂದರೆ 1947. ಯುಗಾದಿಗೆ ಹಿಂದಿನ ತಿಂಗಳುಗಳಾದರೆ 79.

ಕನ್ನಡದಲ್ಲಿ ಮೊದಲ ಮುದ್ರಣ ಗುರುತಿಸುವುದು ಇಂಗ್ಲಿಷಿನಷ್ಟು ಕಷ್ಟವಲ್ಲ. ನಮ್ಮ ಪ್ರಕಾಶಕರಿಗೆ ಮುದ್ರಣಗಳ ಪಟ್ಟಿ ಕೊಡುವುದೆಂದರೆ ಇಷ್ಟ, ಎಷ್ಟು ಪ್ರತಿ ಎಂದೂ ಅನೇಕರು ಹೇಳಿರುತ್ತಾರೆ. ಪಟ್ಟಿಯಲ್ಲಿ ಒಂದೇ ಸಾಲಿದ್ದರೆ ಅದೇ ಮೊದಲನೆಯದು. ಮೋಸ ಹೋಗುವುದು ಮರುಮುದ್ರಣಗಳಲ್ಲಿ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ದೆಹಲಿಯ ಏಷ್ಯನ್ ಎಜುಕೇಷನಲ್ ಸರ್ವಿಸಸ್ ಇದ್ದಂತೆಯೇ ಫೋಟೊ ತೆಗೆದು ಅಚ್ಚು ಹಾಕಿತು. ಹಳೆಯ ಶೀರ್ಷಿಕೆ ಪುಟ ಅಲ್ಲೂ ಇರುತ್ತದೆ. ಆಗ ಬೆರಳನ್ನು ನಂಬಬೇಕು. ಮೊಳೆ ಜೋಡಿಸಿ ಒತ್ತಿದ ಹಾಳೆಯ ಹಿಂಬದಿ ಸವರಿದರೆ ಅಕ್ಷರದ ಉಬ್ಬು ಸಾಮಾನ್ಯವಾಗಿ ತಾಗುತ್ತದೆ, ಆಫ್‌ಸೆಟ್ ಹಾಳೆ ನುಣ್ಣಗಿರುತ್ತದೆ. ಓದುವವರಿಗೆ ಮರುಮುದ್ರಣವೇ ಮೇಲು, ಅದು ಬೇರೆ ಮಾತು.

ಹಳೆಯದೆಲ್ಲ ಬೆಲೆಯುಳ್ಳದ್ದಲ್ಲ. ಸಾವಿರಗಟ್ಟಲೆ ಅಚ್ಚಾದ ಧಾರ್ಮಿಕ ಗ್ರಂಥಕ್ಕಿಂತ, ಓದಿ ಬಿಸಾಡಲೆಂದೇ ಅಚ್ಚಾದ ಕಾಗದ ಅಪರೂಪ. ಕಂಪನಿ ನಾಟಕದ ಹಾಡುಗಳ ಪುಸ್ತಕ, ಸಂಘದ ಸ್ಮರಣ ಸಂಚಿಕೆ, ಟಾಕೀಸಿನಲ್ಲಿ ಕಾಸಿಗೆ ಮಾರುತ್ತಿದ್ದ ಸಿನಿಮಾ ಪದ್ಯಾವಳಿ ಇವನ್ನು ಜೋಪಾನ ಮಾಡಿದವರು ಕಡಿಮೆ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ (1934) ಇವತ್ತು ನೋಡಲು ಸಿಗುವುದಿಲ್ಲ. ಚಿತ್ರವೇ ಕಳೆದುಹೋದಾಗ ನಾಲ್ಕು ಪುಟದ ಪದ್ಯಾವಳಿಯೂ ದಾಖಲೆಯಾಗುತ್ತದೆ. ಗುಜರಿ ರಾಶಿಯಲ್ಲಿ ನಾನು ಮೊದಲು ಕೈ ಹಾಕುವುದು ದಪ್ಪ ರಟ್ಟಿನ ಪುಸ್ತಕಗಳಿಗಲ್ಲ, ಅವುಗಳ ನಡುವೆ ಸಿಕ್ಕಿಕೊಂಡ ಈ ತೆಳು ಹೊತ್ತಿಗೆಗಳಿಗೆ.

ಶೀರ್ಷಿಕೆ ಪುಟ ಹರಿದಿದ್ದರೆ ಸಂಗ್ರಾಹಕನ ಮಟ್ಟಿಗೆ ಅರ್ಧ ಪುಸ್ತಕ ಹೋದಂತೆ. ಹೊದಿಕೆ ಉಳಿದಿದ್ದರೆ ಬೆಲೆ ಏರುತ್ತದೆ. ‘ಚಿ. ಸೌ.ಗೆ ಮದುವೆಯ ಉಡುಗೊರೆ’ ಎಂಬ ಬರಹವನ್ನು ಕೆಲವರು ಕಳಂಕವೆನ್ನುತ್ತಾರೆ, ನನಗೆ ಅದಿದ್ದರೇ ಸಂತೋಷ. ಗ್ರಂಥಾಲಯದ ಮೊಹರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ರದ್ದು’ ಎಂಬ ಮುದ್ರೆಯೂ ಜೊತೆಗಿದ್ದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಅದು ಯಾರೋ ಹಿಂದಿರುಗಿಸದ ಪುಸ್ತಕವಿರಬಹುದು. ತಾಳೆಗರಿ ಕಂಡರಂತೂ ಕೊಳ್ಳುವ ಮಾತೇ ಬೇಡ. 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ಅಡಿಗೆ ಬರುತ್ತವೆ, ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ.

ನಮ್ಮ ಪಡುವಣ ಬಡಾವಣೆಗಳಿಂದ ಹುಡುಕಾಟಕ್ಕೆ ಮೆಟ್ರೊ ದೊಡ್ಡ ಅನುಕೂಲ ಮಾಡಿದೆ. ರಾಜಾಜಿನಗರದಿಂದ ಹಸಿರು ಮಾರ್ಗದಲ್ಲಿ ಹೋಗಿ ಚಿಕ್ಕಪೇಟೆಯಲ್ಲಿ ಇಳಿದರೆ ಅವೆನ್ಯೂ ರಸ್ತೆ. ಅಲ್ಲಿ ಪಠ್ಯಪುಸ್ತಕಗಳದ್ದೇ ರಾಜ್ಯಭಾರ, ತಾಳ್ಮೆ ಇರುವವರಿಗೆ ಬೇರೆಯೂ ಸಿಕ್ಕೀತು. ಕೆಂಗೇರಿ, ವಿಜಯನಗರದವರು ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆಗೆ ಹೋದರೆ ಚರ್ಚ್ ಸ್ಟ್ರೀಟಿನ ಅಂಗಡಿಗಳಿವೆ, ಬ್ರಿಗೇಡ್ ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿ 1945ರಲ್ಲಿ ಶುರುವಾದ ಸೆಲೆಕ್ಟ್ ಪುಸ್ತಕದಂಗಡಿ ಇದೆ. ಹೊರಡುವ ಮುಂಚೆ ವಿಜಯನಗರದ ಹಂಪಿನಗರ ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕೂತು ಹಳೇ ಮುದ್ರಣಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಕಣ್ಣು ಪಳಗುತ್ತದೆ.

ಮನೆಗೆ ತಂದದ್ದನ್ನು ನೇರ ಕಪಾಟಿಗೆ ಸೇರಿಸಬೇಡಿ, ಗುಜರಿಯ ಹುಳು ಉಳಿದವಕ್ಕೂ ಹತ್ತುತ್ತದೆ. ನೆರಳಲ್ಲಿ ಗಾಳಿಯಾಡಿಸಿ, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಒಂದೆರಡು ವಾರ ಬೇರೆಯಿಡಿ. ಸೆಲ್ಲೊಟೇಪು ಅಂಟಿಸಲೇಬೇಡಿ, ಅದರ ಅಂಟು ಕಂದಿ ಕಾಗದವನ್ನೇ ತಿನ್ನುತ್ತದೆ. ಎರಡನೆಯ ಮಹಾಯುದ್ಧದ ಕಾಲದ ಕಾಗದ ಎಷ್ಟು ಕಳಪೆಯೆಂದರೆ ಮಡಿಸಿದಲ್ಲೇ ಮುರಿಯುತ್ತದೆ. ಅಂಥದನ್ನು ಒಮ್ಮೆ ಸ್ಕ್ಯಾನ್ ಮಾಡಿಸಿ ಆಮೇಲೆ ಮುಟ್ಟದಿರುವುದೇ ಕ್ಷೇಮ.

ಈ ಗೀಳು ಹಿಡಿದವರು ಒಬ್ಬರಿಗೊಬ್ಬರು ಬೇಗ ಪರಿಚಯವಾಗುತ್ತಾರೆ. ಎರಡು ಪ್ರತಿ ಇದ್ದವರು ಒಂದನ್ನು ಕೊಟ್ಟು ಇಲ್ಲದ್ದನ್ನು ಪಡೆಯುತ್ತಾರೆ, ದುಡ್ಡಿನ ಮಾತು ಅಪರೂಪ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ ಪುಸ್ತಕ ಮನೆಗೆ ಒಮ್ಮೆ ಹೋಗಿಬನ್ನಿ. ಸಕ್ಕರೆ ಕಾರ್ಖಾನೆಯಲ್ಲಿ ನೌಕರರಾಗಿದ್ದವರೊಬ್ಬರ ಸಂಗ್ರಹ ಲಕ್ಷಗಳ ಲೆಕ್ಕಕ್ಕೆ ಬೆಳೆದು ನಿಂತಿದೆ.

ಅಷ್ಟು ದೂರ ಹೋಗುವ ಮುಂಚೆ ನಿಮ್ಮ ಬೀದಿಯ ಗುಜರಿ ಅಂಗಡಿಯಲ್ಲಿ ಹೇಳಿಡಿ: “ಅಣ್ಣಾ, ಹಳೇ ಕನ್ನಡ ಪುಸ್ತಕ ಬಂದ್ರೆ ಪಕ್ಕಕ್ಕಿಡಿ, ಪೇಪರ್ ರೇಟಿನ ಎರಡರಷ್ಟು ಕೊಡ್ತೀನಿ.” ಯಾವ ಮನೆ ಕೆಡವುತ್ತಾರೆಂಬ ಸುದ್ದಿ ಮೊದಲು ಮುಟ್ಟುವುದು ಅವರಿಗೇ. ಕಾಗದದ ಲೋಡು ಯಾವ ವಾರ ಹೋಗುತ್ತದೆಂದು ಕೇಳಿಕೊಂಡು, ಹಿಂದಿನ ದಿನ ಸಂಜೆ ಒಂದು ಚೀಲ ಹಿಡಿದು ಹೋಗಿ.